ಬೋಣಿಯ ಒಂದು ರೂಪಾಯಿ

ನ್ಯಾಮತಿಯ ನಮ್ಮ ಬಳೆ ಅಂಗಡಿಯಲ್ಲಿ, ಅಪ್ಪ ಇರುವಷ್ಟು ಕಾಲ ಬೋಣಿ ಅಪ್ಪನದೇ. ಶಟರ್ ಎತ್ತಿದ ಮೇಲೆ ಗಿರಾಕಿಯ ಹಾಗೆ ಹೊರಗೆ ನಿಂತು ಅವ್ವನ ಕೈಗೆ ಒಂದು ರೂಪಾಯಿ ನಾಣ್ಯ ಕೊಡುತ್ತಿದ್ದ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕುತ್ತಿದ್ದಳು. ಆಮೇಲೇ ವ್ಯಾಪಾರ.

ಅಪ್ಪ ಹೋದ ಮೇಲೆ ಹೆಂಗಸರು ಮೆಟ್ಟಿಲ ಮೇಲೇ ನಿಲ್ಲತೊಡಗಿದರು. ಗಂಡನಿಲ್ಲದವಳ ಕೈಯಿಂದ ದಿನದ ಮೊದಲ ಬಳೆ ತೊಡಿಸಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ‘ಬೋಣಿ ಆಗೈತೇನ್ರಿ?’ ಎಂದು ಕೇಳುವುದು, ಇಲ್ಲವೆಂದರೆ ಹೊನ್ನಾಳಿ ಬಸ್ಸು ಹತ್ತಿ ಅಲ್ಲೇ ಬಳೆ ಕೊಳ್ಳುವುದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚು ಭಯ: ಅಂಗಡಿ ಮುಚ್ಚಿದರೆ ಅವ್ವ ಉಳಿಯುವುದಿಲ್ಲ.

ಕಾಲೇಜಿನ ಹುಡುಗಿಯರಾದರೂ ಬರಲಿ ಎಂದು ಸ್ಕ್ಯಾನರ್ ಅಂಟಿಸಿ, ದುಡ್ಡು ಬಂದದ್ದನ್ನು ಕೂಗಿ ಹೇಳುವ ಡಬ್ಬಿಯನ್ನೂ ತಂದಿಟ್ಟೆ. ಖಾತೆ ನನ್ನದು. ಅವ್ವ ಮುಖ ತಿರುಗಿಸಿದಳು.

‘ಕಣ್ಣಿಗೊತ್ಕೊಳಾಕೆ ಏನೈತೆ ಅದರಾಗೆ? ಗಾಳೀಲಿ ಬರೋ ದುಡ್ಡು ನನಗೆ ಬ್ಯಾಡ.’

ಒಂದು ವಾರವಾಗಿರಬೇಕು. ಬೆಳಿಗ್ಗೆ ಶಟರ್ ಎತ್ತಿ ಕಸ ಹೊಡೆಯುತ್ತಿದ್ದೆ. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಡಬ್ಬಿ ಇದ್ದಕ್ಕಿದ್ದಂತೆ ಮಾತಾಡಿತು: ‘ಒಂದು ರೂಪಾಯಿ ಸ್ವೀಕರಿಸಲಾಗಿದೆ.’ ಫೋನ್ ತೆಗೆದು ನೋಡಿದೆ. ಕಳಿಸಿದವರ ಜಾಗದಲ್ಲಿ ಅಪ್ಪನ ಹೆಸರು. ಪೊರಕೆ ಕೈಯಿಂದ ಜಾರಿತು. ಒಳಗೆ, ತೂಗುಬಿಟ್ಟ ಬಳೆ ಸರಗಳ ಹಿಂದೆ ಕೂತಿದ್ದ ಅವ್ವ ಎದ್ದು ಬಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಮರುದಿನ ಅದೇ ಹೊತ್ತಿಗೆ ಅದೇ ದನಿ. ಅದರ ಮರುದಿನವೂ. ದೆವ್ವ ಭೂತ ಎಂದವರನ್ನೆಲ್ಲ ಗೇಲಿ ಮಾಡುತ್ತಿದ್ದವಳು ನಾನು. ಈಗ ಶಟರಿಗೆ ಕೈ ಹಾಕಲು ಹೆದರುತ್ತಿದ್ದೆ. ಹೆಂಗಸರು ಮಾತ್ರ ಡಬ್ಬಿಯ ಕೂಗು ಕೇಳಿದ್ದೇ ‘ಬೋಣಿ ಆತು ಬಿಡ್ರಿ’ ಎನ್ನುತ್ತ ಒಳಗೆ ಬಂದು ಅವ್ವನ ಮುಂದೆ ಕೈ ಚಾಚುತ್ತಿದ್ದರು.

ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಕಸ ಹೊಡೆಯುವುದನ್ನು ಬಿಟ್ಟು ಬಳೆ ಸರಗಳ ಸಂದಿಯಿಂದ ಇಣುಕಿದೆ. ಅವ್ವನ ಸೆರಗಿನ ಕೆಳಗೆ ಸಣ್ಣ ಬೆಳಕು. ಟ್ರಂಕಿನಲ್ಲಿ ಚಾರ್ಜಿಲ್ಲದೆ ಬಿದ್ದಿದೆ ಎಂದುಕೊಂಡಿದ್ದ ಅಪ್ಪನ ಫೋನು.

‘ನಿನಗೆ ಹೆಂಗೆ ಬರ್ತೈತೆ ಇದು?’ ಎಂದೆ.

‘ಅವರ ಕಣ್ಣು ಮಂಜಾದ ಮೇಲೆ ಪಿನ್ ಒತ್ತುತಿದ್ದೋಳು ನಾನೇ ಅಲ್ವೇನೆ’ ಎಂದಳು. ಆಮೇಲೆ ಪರದೆ ನೋಡಿ, ಬಹಳ ಮೆತ್ತಗೆ, ‘ಇನ್ನ ಏಳು ರೂಪಾಯಿ ಐತೆ. ಏಳು ದಿನ ಬರ್ತಾರೆ ನಿಮ್ಮಪ್ಪ’ ಎಂದಳು.

ಅಪ್ಪನ ಖಾತೆ ಮುಚ್ಚಿಸುವ ಅರ್ಜಿ ನನ್ನ ಬ್ಯಾಗಿನಲ್ಲಿತ್ತು. ಅವತ್ತೇ ಬ್ಯಾಂಕಿಗೆ ಕೊಡಬೇಕಿತ್ತು. ಕೊಡಲಿಲ್ಲ. ಅಂಗಡಿಯ ಹಿಂದೆ ಹೋಗಿ ನಿಂತು ಅಪ್ಪನ ನಂಬರಿಗೆ ನೂರು ರೂಪಾಯಿ ಕಳಿಸಿದೆ. ಒಳಗೆ ಅವ್ವನ ಮಡಿಲಲ್ಲಿ ಫೋನು ಸದ್ದು ಮಾಡಿದ್ದು ಕೇಳಿಸಿತು. ಕಳಿಸಿದವರ ಹೆಸರು ಅವಳು ಓದಿಯೇ ಇರುತ್ತಾಳೆ.

ಮರುದಿನ ಬೆಳಿಗ್ಗೆ ಶಟರ್ ಎತ್ತಿ, ಅಪ್ಪ ನಿಲ್ಲುತ್ತಿದ್ದ ಜಾಗವೊಂದನ್ನು ಬಿಟ್ಟು ಉಳಿದದ್ದನ್ನು ಗುಡಿಸಿದೆ.