ಏಷ್ಯಾದ ನೆತ್ತಿಯ ಮೇಲೊಂದು ಎಣ್ಣೆ ಕಲೆ

ಮಸ್ಕತ್ತಿನ ದಾರ್ಸೈಟ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಪಕ್ಕದ ಗೋಡೆಗೆ ಒಂದು ಕಾಗದದ ಭೂಪಟ ತೂಗುಹಾಕಿದೆ. ಅದರಲ್ಲಿ ಏಷ್ಯಾ ಖಂಡದ ನೆತ್ತಿಯ ಮೇಲೆ, ತೈಮೀರ್ ಪರ್ಯಾಯ ದ್ವೀಪದ ನಟ್ಟನಡುವೆ, ಹೆಬ್ಬೆರಳಿನಷ್ಟು ಅಗಲದ ಎಣ್ಣೆ ಕಲೆಯಿದೆ. ಮನೆಗೆ ಬಂದವರು ಅದನ್ನು ಯಾವುದೋ ಸರೋವರವೆಂದು ತಿಳಿಯುತ್ತಾರೆ, ನಾನು ತಿದ್ದಲು ಹೋಗುವುದಿಲ್ಲ. ಕಂಡದ್ದನ್ನೆಲ್ಲ ತಿದ್ದುವ ಚಟ ನನಗೆ ಮೊದಲು ಬೇಕಾದಷ್ಟಿತ್ತು. ಅದು ಇಳಿದದ್ದು ಹೇಗೆಂಬುದನ್ನು ಈ ಕಲೆಯ ನೆಪದಲ್ಲಿ ನಿಮಗೆ ಹೇಳಬೇಕು.

ವೃತ್ತಿಯಿಂದ ನಾನು ಇದೇ ಊರಿನ ಘಾಲಾದ ಗೋದಾಮೊಂದರಲ್ಲಿ ಏಸಿ ಯಂತ್ರಗಳ ಬಿಡಿಭಾಗಗಳನ್ನು ನೋಡಿಕೊಳ್ಳುವವನು, ಪ್ರವೃತ್ತಿಯಿಂದ ಭೂಗೋಳಜ್ಞ. ಹೊರಗೆ ಬೆಂಕಿ ಸುರಿಯುವ ನಾಡಿನಲ್ಲಿ ಕುಳಿತವನ ಜ್ಞಾನದಾಹ ತಣ್ಣನೆಯ ದಿಕ್ಕಿಗೇ ಹರಿಯುವುದು ಸಹಜವಷ್ಟೆ. ಹಾಗಾಗಿ ಸೈಬೀರಿಯದ ಉತ್ತರದಂಚಿನ ತೈಮೀರ್ ನನಗೆ ಅಂಗೈ ನೆಲ್ಲಿಕಾಯಿ: ಒಂದು ಮಗ್ಗುಲಲ್ಲಿ ಕಾರಾ ಸಮುದ್ರ, ಇನ್ನೊಂದರಲ್ಲಿ ಲಾಪ್ಟೆವ್ ಸಮುದ್ರ, ನಡುವೆ ಬಿರ್ರಂಗಾ ಎಂಬ ಬೋಳು ಬೆಟ್ಟಸಾಲು, ವರ್ಷದ ಬಹುಪಾಲು ಹೆಪ್ಪುಗಟ್ಟಿ ಮಲಗುವ ಸರೋವರ, ಉತ್ತರಕ್ಕೆ ಹೋದಂತೆ ಮರವೆಂಬುದೇ ಇಲ್ಲದ ಪಾಚಿಯ ಬಯಲು, ಅದರ ಮೇಲೆ ಹಿಮಸಾರಂಗಗಳ ಹಿಂಡು. ಒಮಾನಿನಲ್ಲಿಯೂ ಮುಸಂದಮ್ ಎಂಬ ಚೆಲುವಾದ ಪರ್ಯಾಯ ದ್ವೀಪವಿದೆ ಎಂದು ನೀವು ನೆನಪಿಸಬಹುದು. ಇಷ್ಟು ವರ್ಷಗಳಲ್ಲಿ ನಾನು ಅತ್ತ ತಲೆ ಹಾಕಿದವನಲ್ಲ. ಹತ್ತಿರದ್ದು ಎಲ್ಲಿಗೂ ಓಡಿಹೋಗುವುದಿಲ್ಲವೆಂಬ ಧೈರ್ಯ ನನ್ನದು.

ಹೆಂಡತಿ ಲವೀನಾಳ ಚೊಚ್ಚಲ ಬಾಣಂತನಕ್ಕೆ ಅವಳ ತಾಯಿ ಸೆವ್ರಿನ್ ಬಾಯಿ ಉಡುಪಿ ಕಡೆಯ ಶಿರ್ವದಿಂದ ಬಂದರು. ವಿಮಾನ ನಿಲ್ದಾಣದ ಹೊರಗೆ, ಕಾರಿನೊಳಗೆ ಕುಳಿತ ಕೂಡಲೇ ನಾನು ಮಾಡಿದ ಮೊದಲ ಸೇವೆಯೆಂದರೆ, ಅತ್ತೆಯ ಕೈಗಡಿಯಾರವನ್ನು ಬಿಚ್ಚಿಸಿ, ರೇಖಾಂಶಗಳ ಕುರಿತು ಒಂದು ಕಿರುಭಾಷಣ ಬಿಗಿದು, ಮುಳ್ಳನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿದ್ದು. ಅವರು ಅದನ್ನು ಹಾಗೆಯೇ ಕಟ್ಟಿಕೊಂಡರು. ಅಳಿಯನ ಮೇಲಿನ ಗೌರವವೋ, ಪ್ರಯಾಣದ ಸುಸ್ತೋ, ನಾನು ಮೊದಲನೆಯದೆಂದೇ ಭಾವಿಸಿದೆ.

ಅತ್ತೆಗೆ ಬಾಣಂತನದಲ್ಲಿ ಎಲ್ಲಕ್ಕಿಂತ ದೊಡ್ಡದು ಬಿಸಿಲು. ಮಗುವಿಗೆ ತೆಂಗಿನೆಣ್ಣೆ ತಿಕ್ಕಿ ಏಳೂವರೆಯ ಎಳೆಬಿಸಿಲಿಗೆ ಮಲಗಿಸಬೇಕು, ಆಮೇಲೆ ಸ್ನಾನ. ಅವರ ತಾಯಿ ಮಾಡಿದ್ದು ಹಾಗೆ, ಅವರು ತಮ್ಮ ಮಕ್ಕಳಿಗೆಲ್ಲ ಮಾಡಿದ್ದು ಹಾಗೆ. ಇಲ್ಲಿ ಮೇ ತಿಂಗಳ ಏಳೂವರೆಗೆ ಬಾಲ್ಕನಿಯ ಬಾಗಿಲು ತೆರೆದರೆ ಎದುರಿಗಿರುತ್ತಿದ್ದುದು ಬಿಸಿಲಲ್ಲ, ಕೆಂಡ. ಮಗು ಕಿರುಚುತ್ತಿತ್ತು, ಅತ್ತೆ ಸೆರಗು ಮುಚ್ಚಿ ಒಳಗೆ ಓಡುತ್ತಿದ್ದರು. ನಮ್ಮ ದಪ್ಪ ಪರದೆಗಳ ಹಿಂದೆ ಬೆಳಗು ಯಾವಾಗ ಆಯಿತೆಂದು ಯಾರಿಗೂ ಕಾಣುವಂತಿರಲಿಲ್ಲ. ದಿನಗಳೆದಂತೆ ಅವರ ಮುಖ ಬಾಡಿತು, ಮಾತು ಕಡಿಮೆಯಾಯಿತು. ಒಂದು ಮಧ್ಯಾಹ್ನ ಮಗಳನ್ನು ಕರೆದು, ಊರಿಗೆ ಮರಳುವ ಟಿಕೇಟನ್ನು ಬೇಗನೆಯ ದಿನಕ್ಕೆ ಬದಲಿಸಲು ಹೇಳಿದರು.

“ಎಳೆಬಿಸಿಲಿಲ್ಲದ ಊರಲ್ಲಿ ನನ್ನಿಂದ ಬಾಣಂತನ ಆಗುದಿಲ್ಲ ಮಗಾ. ಅರ್ಧಂಬರ್ಧ ಕೆಲಸ ನನಗೆ ಗೊತ್ತಿಲ್ಲ.”

ಲವೀನಾ ಅತ್ತುಬಿಟ್ಟಳು. ಅವಳ ಹೆರಿಗೆ ರಜೆ ಕರಗುತ್ತಿತ್ತು. ಅವಳು ಆಫೀಸಿಗೆ ಮರಳಿ ದಿನಚರಿ ಒಂದು ಹದಕ್ಕೆ ಬರುವವರೆಗಾದರೂ ತಾಯಿ ಇರದಿದ್ದರೆ ಕೆಲಸ ಬಿಡುವುದೊಂದೇ ದಾರಿ. ಅಮ್ಮನನ್ನು ಹೇಗಾದರೂ ಉಳಿಸಿಕೊಡು ಎಂದು ಅವಳು ನನ್ನನ್ನು ಬೇಡಿದಳು. ಆದರೆ ನನ್ನ ಬತ್ತಳಿಕೆಯಲ್ಲಿ ಇದ್ದುದಾದರೂ ಏನು? ಭೂಗೋಳ.

ಅಂದು ಸಂಜೆ ಎದುರು ಫ್ಲ್ಯಾಟಿನ ಹಮೀದಾಕ, ಉಳ್ಳಾಲ ಕಡೆಯ ಬ್ಯಾರಿ ವ್ಯಾಪಾರಿ, ಬಾಣಂತಿಗೆಂದು ಕೋಳಿಸಾರು ತಂದಿದ್ದರು. ಅವರನ್ನೂ ಶ್ರೋತೃವಾಗಿಸಿಕೊಂಡು ನಾನು ಭೂಪಟದ ಮುಂದೆ ನಿಂತೆ. ತೈಮೀರಿನ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯ ಹುಟ್ಟುವುದೇ ಇಲ್ಲ, ಬೇಸಗೆಯಲ್ಲಿ ಮುಳುಗುವುದೇ ಇಲ್ಲ, ಆದರೂ ಅಲ್ಲಿಯ ತಾಯಂದಿರು ಮಕ್ಕಳನ್ನು ಬೆಳೆಸಲಿಲ್ಲವೇ ಎಂದು ಅತ್ತೆಗೆ ಸಾಂತ್ವನ ಹೇಳತೊಡಗಿದೆ. ಮಗುವಿನ ಕಾಲು ತಿಕ್ಕುತ್ತಿದ್ದ ಅತ್ತೆ ಎದ್ದು ಬಂದು, ಇಲ್ಲಿಯಾ ಎಂದು ಕೇಳುತ್ತ ಹೆಬ್ಬೆರಳನ್ನು ಒತ್ತಿಯೇಬಿಟ್ಟರು. ಬಿರ್ರಂಗಾ ಬೆಟ್ಟಸಾಲು ಎಣ್ಣೆಯಲ್ಲಿ ಮುಳುಗಿತು.

“ಸೂರ್ಯ ಮುಳುಗದಿದ್ರೆ ಅಲ್ಲಿಯವರು ಸಂಜೆಯ ತೇರ್ಸ್ ಯಾವಾಗ ಮಾಡುದು?”

ಮುಸ್ಸಂಜೆಯ ಜಪಸರ ಅವರಿಗೆ ಊಟಕ್ಕಿಂತ ಮುಖ್ಯ. ನಾನು ಭೂಪಟದಲ್ಲಿ ಉತ್ತರ ಹುಡುಕತೊಡಗಿದೆ. ಅದು ಇದ್ದುದು ಹಮೀದಾಕನಲ್ಲಿ.

“ನಮ್ಮಲ್ಲಿ ಉಪವಾಸಕ್ಕೂ ಅದೇ ತಾಪತ್ರಯ ಬಾಯಮ್ಮ. ಅಂಥ ಕಡೆ ಹತ್ತಿರದ ಬೇರೆ ಊರಿನ ಟೈಮ್ ಹಿಡಿತಾರೆ, ಕೆಲವರು ಮಕ್ಕಾದ್ದೇ ನೋಡುದು. ಇದ್ದಲ್ಲಿಯ ಸೂರ್ಯ ಸರಿ ಇಲ್ಲದಿದ್ರೆ ಬೇರೆ ಊರಿನ ಗಂಟೆ.”

ಅತ್ತೆ ತಮ್ಮ ಮಣಿಕಟ್ಟಿನ ಗಡಿಯಾರ ನೋಡಿಕೊಂಡರು. ಆಮೇಲೆ, ಅಂದು ಗಡಿಯಾರವನ್ನು ಎಷ್ಟು ಹಿಂದೆ ಮಾಡಿದ್ದೆಂದು ನನ್ನನ್ನು ಕೇಳಿದರು. ಒಂದೂವರೆ ಗಂಟೆ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ಮುಳ್ಳನ್ನು ಅಷ್ಟೇ ಮುಂದಕ್ಕೆ ತಿರುಗಿಸಿಕೊಂಡರು.

ಮರುದಿನ ನಗುವಿನ ಸದ್ದಿಗೆ ನನಗೆ ಎಚ್ಚರವಾಯಿತು. ಬಾಲ್ಕನಿಯಲ್ಲಿ, ಎದುರಿನ ಕಲ್ಲುಗುಡ್ಡದ ಭುಜದ ಮೇಲಿಂದ, ಹದವಾದ ಹೊಂಬಣ್ಣದ ಬಿಸಿಲು ನೆಲಕ್ಕಿಳಿದಿತ್ತು. ಅದರಲ್ಲಿ ಮಗು ಮೈತುಂಬ ಎಣ್ಣೆ ಹೊಳೆಯಿಸುತ್ತ ನಿದ್ದೆ ಹೋಗಿತ್ತು, ಪಕ್ಕದಲ್ಲಿ ಲವೀನಾ ಕೂದಲು ಬಿಚ್ಚಿ ಕಾಲು ಚಾಚಿ ಕುಳಿತಿದ್ದಳು. ಗೋಡೆ ಗಡಿಯಾರದಲ್ಲಿ ಆರು, ಅತ್ತೆಯ ಕೈಯಲ್ಲಿ ಏಳೂವರೆ. ಇದು ಬರಿಯ ಕಾಕತಾಳೀಯವೆಂದು ವಾದಿಸಲು ನನ್ನಲ್ಲಿ ಸಾಕಷ್ಟು ಅಕ್ಷಾಂಶ ರೇಖಾಂಶಗಳಿದ್ದವು, ವಾದಿಸಲಿಲ್ಲ. ತೈಮೀರಿಗೆ ಸೂರ್ಯ ಯಾವಾಗ ಬರುವುದಿಲ್ಲವೆಂಬುದನ್ನು ಬಾಯಿಪಾಠ ಮಾಡಿದವನಿಗೆ ಸ್ವಂತ ಬಾಲ್ಕನಿಗೆ ಅವನು ಯಾವಾಗ ಬರುತ್ತಾನೆಂಬುದೇ ಗೊತ್ತಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

“ನಿನ್ನ ಆ ಊರಲ್ಲಿ ಬಿಸಿಲು ಬಂತಾ ಪುತಾ?” ಎಂದರು ಅತ್ತೆ, ತಲೆಯೆತ್ತದೆ. ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲವೆಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಚಹಾ ಮಾಡಲು ಹೋದೆ.

ಟಿಕೇಟಿನ ಮಾತು ಮತ್ತೆ ಬರಲಿಲ್ಲ. ಲವೀನಾ ಕೆಲಸಕ್ಕೆ ಮರಳಿ, ಮನೆ ಒಂದು ಲಯಕ್ಕೆ ಬಂದ ಮೇಲೆಯೇ ಅವರು ಹೊರಟರು. ವಿಮಾನ ನಿಲ್ದಾಣದಲ್ಲಿ ನನ್ನ ಕೈ ಅಭ್ಯಾಸಬಲದಿಂದ ಅವರ ಗಡಿಯಾರದತ್ತ ಹೋಯಿತು.

“ಬೇಡ ಪುತಾ,” ಎಂದು ನಕ್ಕರು, “ಅದು ಊರಿನ ಟೈಮಲ್ಲೇ ಉಂಟು.”

ಈಗ ಮುಂಜಾನೆ ಪರದೆ ಸರಿಸುವವನು ನಾನು. ಎಣ್ಣೆ ತಿಕ್ಕುವವನೂ ನಾನೇ. ಅತ್ತೆಯಿಲ್ಲದ ಬಾಲ್ಕನಿ ಭಣಭಣ ಎನ್ನುತ್ತದೆ, ಆದರೆ ಬಿಸಿಲು ತಪ್ಪದೆ ಬರುತ್ತದೆ. ಮೊನ್ನೆ ಮಗುವನ್ನು ಎತ್ತಿಕೊಂಡು ಒಳಗೆ ಬರುವಾಗ ಅದು ಭೂಪಟದತ್ತ ಕೈ ಚಾಚಿತು. ನಾನು ತೈಮೀರನ್ನು ತೋರಿಸಲಿಲ್ಲ. ನಾವಿರುವುದು ಇಲ್ಲಿ ಎಂದು ಮಸ್ಕತ್ತಿನ ಮೇಲೆ ಬೆರಳಿಟ್ಟೆ. ಹಾಗಾಗಿ ನಮ್ಮ ಏಷ್ಯಾದಲ್ಲಿ ಈಗ ಎರಡು ಎಣ್ಣೆ ಕಲೆಗಳಿವೆ, ಕೆಳಗಿನದು ನನ್ನದು.