ಬಟ್ಟಲಿನ ತಳದ ನೀಲಗಿರಿ ಎಲೆ

೧೯೯೨ರಲ್ಲಿ ನಾನು ಸಿಡ್ನಿಯ ಒಂದು ಖಾಸಗಿ ಪರೀಕ್ಷಾ ಪ್ರಯೋಗಾಲಯದಲ್ಲಿ ಸೀನಿಯರ್ ಕೆಮಿಸ್ಟ್ ಆಗಿದ್ದೆ. ಹೊರದೇಶಗಳಿಂದ ಬರುವ ಪಿಂಗಾಣಿ ಪಾತ್ರೆಗಳ ಬಣ್ಣದಿಂದ ಆಹಾರಕ್ಕೆ ಸೀಸ ಇಳಿಯುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಪಾತ್ರೆಗೆ ಶೇಕಡಾ ನಾಲ್ಕರ ಅಸಿಟಿಕ್ ಆಸಿಡ್, ಅಂದರೆ ಹೆಚ್ಚುಕಡಿಮೆ ಅಡುಗೆಮನೆಯ ವಿನೆಗರ್‌ನಷ್ಟು ಹುಳಿಯ ದ್ರವ, ತುಂಬಿ ಇಪ್ಪತ್ತನಾಲ್ಕು ಗಂಟೆ ಇಡುತ್ತಿದ್ದೆವು. ಆಮೇಲೆ ಅದರಲ್ಲಿ ಎಷ್ಟು ಸೀಸ ಸೇರಿದೆ ಎಂದು ಯಂತ್ರದಲ್ಲಿ ಅಳೆಯುತ್ತಿದ್ದೆವು. ಬರುವುದೆಲ್ಲ ಕಾರ್ಖಾನೆಯ ಮಾಲು. ಅವನ್ನು ಮಾಡಿದವರ ಮುಖವನ್ನು ನಾನು ನೋಡಿದ್ದೇ ಇಲ್ಲ.

ಆ ಸೆಪ್ಟೆಂಬರ್‌ನ ಒಂದು ಸೋಮವಾರ, ಅರವತ್ತು ದಾಟಿದ ಒಬ್ಬ ಜಪಾನೀ ಹೆಂಗಸು ಮರದ ಪೆಟ್ಟಿಗೆಗಳನ್ನು ತಾವೇ ಹೊತ್ತುಕೊಂಡು ಬಂದರು. ಹೆಸರು ಸಚಿಕೊ. ಬಟ್ಟಲನ್ನು ತಿಗುರಿಯಲ್ಲಿ ಎತ್ತುವುದು ಜಪಾನಿನ ಊರಿನಲ್ಲಿದ್ದ ಅವರ ಗಂಡ, ಚಿತ್ರ ಬರೆಯುವುದು ಇವರು. ಮೆಲ್ಬರ್ನ್‌ನ ಒಂದು ಗ್ಯಾಲರಿಯಲ್ಲಿ ಎರಡು ವಾರದ ನಂತರ ಇಪ್ಪತ್ತು ಅತಿಥಿಗಳಿಗೆ ಚಹಾಕೂಟವಿತ್ತು. ಬಟ್ಟಲುಗಳು ನೋಡುವುದಕ್ಕಷ್ಟೇ ಅಲ್ಲ, ಕುಡಿಯುವುದಕ್ಕೆ. ಹಾಗಾಗಿ ಗ್ಯಾಲರಿಯವರು ನಮ್ಮ ಸರ್ಟಿಫಿಕೇಟ್ ಕೇಳಿದ್ದರು.

ಹನ್ನೆರಡು ಬಟ್ಟಲುಗಳ ಹೊರಮೈಯಲ್ಲಿ ಕೆಂಪು ಹೂಗಳಿದ್ದವು. ಉಳಿದ ಎಂಟರ ಹೊರಗೆ ಏನೂ ಇರಲಿಲ್ಲ. ಒಳಗೆ, ತಳದಲ್ಲಿ, ಅಗಲವಾದ ಒಂದು ಹಸಿರು ನೀಲಗಿರಿ ಎಲೆ. ಚಹಾ ಕುಡಿದು ಮುಗಿಸಿದವರಿಗೆ ಮಾತ್ರ ಅದು ಕಾಣುತ್ತದೆ. ನೀಲಗಿರಿ ಇಲ್ಲಿನ ಮರವಲ್ಲವೇ, ಆಸ್ಟ್ರೇಲಿಯಾಕ್ಕೆಂದೇ ಯೋಚಿಸಿ ಬರೆದದ್ದು ಎಂದು ಸಚಿಕೊ ಹೆಮ್ಮೆಯಿಂದ ಹೇಳಿದರು.

ಎರಡು ಬಗೆಯಿಂದ ಒಂದೊಂದು ಬಟ್ಟಲನ್ನು ಪರೀಕ್ಷೆಗೆ ತೆಗೆದುಕೊಂಡೆ. ಬುಧವಾರ ಫಲಿತಾಂಶ ಬಂತು. ಹೂವಿನದು ಪಾಸಾಗಿತ್ತು; ಬಣ್ಣವೆಲ್ಲ ಹೊರಗಿದ್ದುದರಿಂದ ಆಸಿಡ್ ಆ ಬಟ್ಟಲಿಗೆ ಏನೂ ಮಾಡಿರಲಿಲ್ಲ. ಎಲೆಯಿದ್ದ ಬಟ್ಟಲಿನ ದ್ರವದಲ್ಲಿ ಮಿತಿಯ ನಾಲ್ಕು ಪಟ್ಟು ಸೀಸವಿತ್ತು. ಆಸಿಡ್ ಎಲೆಯ ಹೊಳಪನ್ನೂ ತಿಂದುಹಾಕಿತ್ತು. ಮೇಲಧಿಕಾರಿ ಗ್ರಹಾಂ ಅಂಕಿಗಳನ್ನು ನೋಡಿ, "ಫೇಲ್ ಅಂತ ಬರೆದು ಪೋಸ್ಟ್ ಮಾಡಿ, ನಳಿನಿ. ಅಡ್ವೈಸ್ ಕೊಡೋದು ನಮ್ಮ ಕೆಲಸ ಅಲ್ಲ" ಎಂದರು. ಅದು ನಿಯಮವೇ.

ಸಂಜೆ ಸಿಡ್ನಿಯದೇ ಬಡಾವಣೆಯಾದ ಲಿವರ್‌ಪೂಲ್‌ನ ಮನೆಯಲ್ಲಿ ಅನ್ನಕ್ಕಿಡುತ್ತಾ ಗಂಡನಿಗೆ ಹೇಳಿದೆ: "ರೀ, ರಿಪೋರ್ಟ್ ಟೈಪ್ ಆಗಿದೆ. ಕಳಿಸೋಕೆ ಯಾಕೋ ಮನಸ್ಸು ಬರ್ತಿಲ್ಲ."

ಅವರು ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್. "ನಾನು ಪೇಶೆಂಟ್ ಕೈಗೆ ಬರೀ ರಿಪೋರ್ಟ್ ಇಟ್ಟು ಮನೆಗೆ ಹೋಗಿ ಅಂದ್ರೆ ನೀನು ಸುಮ್ನೆ ಬಿಡ್ತೀಯಾ? ಕರೆಸಿ, ಕೂರಿಸಿ ಹೇಳು" ಎಂದರು.

ಗುರುವಾರ ಸಚಿಕೊ ಬಂದರು. ನನ್ನ ಮಾತು ಕೇಳಿ ಅವರ ಮುಖ ಬಿಗಿದುಕೊಂಡಿತು. "ನಲವತ್ತು ವರ್ಷದಿಂದ ನನ್ನ ಬಟ್ಟಲಲ್ಲೇ ಕುಡೀತಿದ್ದೀನಿ. ನನಗೇನಾಗಿದೆ?"

"ಒಳಗೆ ಹಸಿರು ಬಣ್ಣ ಇರೋ ಬಟ್ಟಲಲ್ಲೂ ಕುಡಿದಿದ್ದೀರಾ?"

ಅವರು ಎಲೆಯ ಬಟ್ಟಲನ್ನು ಕೈಗೆತ್ತಿಕೊಂಡರು. "ಇಲ್ಲ. ಒಳಗೆ ಹಸಿರು ಹಚ್ಚಬೇಡ, ಚಹಾದ ಹಸಿರೇ ಸಾಕು ಅಂತ ನನಗೆ ಕಲಿಸಿದವರು ಹೇಳ್ತಿದ್ದರು. ಅಂದಕ್ಕೆ ಹೇಳಿದ್ದು ಅಂದುಕೊಂಡಿದ್ದೆ. ಈ ಎಲೆಗೋಸ್ಕರ ಮೊದಲ ಸಲ ಅವರ ಮಾತು ಮೀರಿದೆ."

ಇಂಥ ಬಣ್ಣ ಕಡಿಮೆ ಬಿಸಿಯಲ್ಲಿ ಕರಗಿ ಗಾಜಾಗಲೆಂದು ಅದಕ್ಕೆ ಸೀಸ ಬೆರೆಸಿರುತ್ತಾರೆ. ಹಸಿರು ಬರುವುದು ತಾಮ್ರದಿಂದ, ಮತ್ತು ತಾಮ್ರ ಸೇರಿದರೆ ಆ ಗಾಜು ಸೀಸವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನಾನು ಪುಸ್ತಕದಲ್ಲಿ ಓದಿ ತಿಳಿದ ಈ ಅಪಾಯದಿಂದ ಅವರ ಗುರುಗಳು ಚಹಾದ ಅಂದ ಕಾಪಾಡಲು ಹೋಗಿ ಶಿಷ್ಯರನ್ನೂ ಕಾಪಾಡಿದ್ದರು. ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದೆ. ಅವರು ತಲೆಬಾಗಿ ವಂದಿಸಿ ಎದ್ದು ಹೊರಗೆ ಹೋದರು.

ಹತ್ತು ನಿಮಿಷವಾದರೂ ಹಿಂತಿರುಗಲಿಲ್ಲ. ಅಳುತ್ತಿರಬಹುದು ಎಂದು ಗಾಬರಿಯಾಗಿ ಹುಡುಕಿಕೊಂಡು ಹೋದೆ. ಕಾರ್ ಪಾರ್ಕಿನ ಮೂಲೆಯ ನೀಲಗಿರಿ ಮರದ ಕೆಳಗೆ ನಿಂತು, ಕೊಂಬೆಯೊಂದನ್ನು ಬಗ್ಗಿಸಿ ಹಿಡಿದು, ಒಬ್ಬರೇ ನಗುತ್ತಿದ್ದರು.

"ನಳಿನಿ ಸಾನ್," ಎಂದು ಜಪಾನೀ ರೀತಿಯಲ್ಲಿ ಗೌರವದಿಂದ ಕರೆದರು, "ನಾನು ಪುಸ್ತಕ ನೋಡಿ ಬರೆದಿದ್ದೆ. ಎಲೆ ನಾನು ಬರೆದಷ್ಟು ಅಗಲ ಇಲ್ಲವೇ ಇಲ್ಲ! ನೋಡಿ, ಚಿಗುರು ಕೆಂಪಗಿದೆ!"

ಆಸ್ಟ್ರೇಲಿಯಾದಲ್ಲಿ ಸೆಪ್ಟೆಂಬರ್ ಅಂದರೆ ವಸಂತ; ಆ ಚಿಗುರು ನಿಜಕ್ಕೂ ತೆಳ್ಳಗೆ, ಕೆಂಪಗೆ ಇತ್ತು. ಒಂಬತ್ತು ವರ್ಷ ಅದರ ಕೆಳಗೇ ಕಾರು ನಿಲ್ಲಿಸಿದ್ದ ನಾನು ಅದನ್ನು ನೋಡಿರಲಿಲ್ಲ.

"ಕೆಂಪಿನಲ್ಲಿ ತಾಮ್ರ ಇದೆಯಾ?" ಎಂದು ಕೇಳಿದರು.

ಅವರ ಕೆಂಪು ಬರುವುದು ಕಬ್ಬಿಣದಿಂದ. ಪಾಸಾಗಬಹುದು, ಆದರೆ ಮಾತು ಕೊಡಲಾರೆ ಎಂದೆ. ಗ್ಯಾಲರಿಯಲ್ಲಿ ಬರೆದು ತೋರಿಸಲೆಂದು ಅವರು ಒಂಬತ್ತು ಖಾಲಿ ಬಿಳಿ ಬಟ್ಟಲುಗಳನ್ನು ತಂದಿದ್ದರು. ಅವುಗಳ ತಳದಲ್ಲಿ ಒಂದೊಂದು ಕೆಂಪು ಚಿಗುರೆಲೆಯನ್ನು ಕುಂಚದ ಒಂದೇ ಎಳೆತದಲ್ಲಿ ಬರೆದರು. ಹತ್ತಿರದ ಟೆಕ್ನಿಕಲ್ ಕಾಲೇಜಿನ ಕುಂಬಾರಿಕೆ ಮೇಷ್ಟರು ತಮ್ಮ ಗೂಡಿನಲ್ಲಿ ಅವನ್ನು ಸುಟ್ಟುಕೊಟ್ಟರು. ಗ್ರಹಾಂ ಮಾತ್ರ ಜಗ್ಗಲಿಲ್ಲ: "ಹೊಸ ಬಟ್ಟಲು ಅಂದ್ರೆ ಹೊಸ ಸ್ಯಾಂಪಲ್, ಹೊಸ ಟೆಸ್ಟ್." ಅದು ಸರಿಯೇ ಇತ್ತು.

ಒಂದು ಬಟ್ಟಲಿಗೆ ಆಸಿಡ್ ತುಂಬಿದೆವು. ಮರುದಿನ ಯಂತ್ರದ ಮುಂದೆ ಸಚಿಕೊ ನನ್ನ ಪಕ್ಕ ಕೈಕಟ್ಟಿ ನಿಂತರು. ಸಾವಿರಾರು ಸ್ಯಾಂಪಲ್ ಅಳೆದ ನಾನು ಅಂದು ಯಂತ್ರದ ಸೊನ್ನೆಯನ್ನು ಎರಡೆರಡು ಸಲ ಸರಿನೋಡಿದೆ. ಅಂಕಿ ಮೂಡಿತು: ಮಿತಿಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ನಾನು ತಿರುಗುವಷ್ಟರಲ್ಲಿ ಅವರು ಯಂತ್ರಕ್ಕೇ ತಲೆಬಾಗಿ ವಂದಿಸುತ್ತಿದ್ದರು. ಏನು ಮಾಡಬೇಕೆಂದು ತೋಚದೆ, ಹಿಂದೆ ನಿಂತಿದ್ದ ಗ್ರಹಾಂ ಕೂಡ ಬಗ್ಗಿದರು.

ಹನ್ನೆರಡು ಹೂವಿನವು, ಎಂಟು ಚಿಗುರಿನವು, ಒಟ್ಟು ಇಪ್ಪತ್ತು ಬಟ್ಟಲು ಮೆಲ್ಬರ್ನ್ ತಲುಪಿದವು. ಸಚಿಕೊ ಬಿಡದೆ ನನ್ನನ್ನೂ ಕರೆಸಿಕೊಂಡರು. ಕಡುಹಸಿರು ಚಹಾ ಅಜ್ಜಿಯ ಕಷಾಯಕ್ಕಿಂತ ಕಹಿಯಾಗಿತ್ತು. ಕಣ್ಣುಮುಚ್ಚಿ ಕುಡಿದು ಮುಗಿಸಿದೆ. "ಹೇಗಿದೆ?" ಎಂದು ಅವರು ಕೇಳಿದಾಗ, ಬಾಯಿಗೆ ಬಂದದ್ದು "ಸೀಸ ಇಲ್ಲ" ಎಂಬ ಉತ್ತರ. ಅವರು ಬಾಯಿಗೆ ಕೈ ಅಡ್ಡವಿಟ್ಟುಕೊಂಡು ನಕ್ಕ ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು ತಮ್ಮ ಬಟ್ಟಲಿನೊಳಗೆ ಇಣುಕಿ, "ಅರೆ, ನಮ್ಮ ಹಿತ್ತಲಿನ ಚಿಗುರು!" ಎಂದು ಹೆಂಡತಿಗೆ ತೋರಿಸಿದರು.

ನಿವೃತ್ತಳಾಗುವವರೆಗೆ ಆಮೇಲೆ ಹದಿನಾರು ವರ್ಷ ಅದೇ ಕೆಲಸ ಮಾಡಿದೆ. ಮಾದರಿಯೊಂದು ಫೇಲ್ ಆದರೆ, ರಿಪೋರ್ಟ್ ಕಳಿಸುವ ಮುಂಚೆ ಅದನ್ನು ಮಾಡಿದವರನ್ನು ಹುಡುಕಿ ಫೋನ್ ಮಾಡುತ್ತಿದ್ದೆ. ಅಂಕಿಯನ್ನು ಎಂದೂ ಬದಲಿಸಲಿಲ್ಲ, ಕಾರಣ ಹೇಳುತ್ತಿದ್ದೆ ಅಷ್ಟೆ. ಕೆಲವರು ಬೈದರು, ಕೆಲವರು ಫೋನ್ ಕುಕ್ಕಿದರು. ಆದರೆ ಎಷ್ಟೋ ಜನ "ಹಾಗಾದ್ರೆ ಏನು ಬದಲಾಯಿಸಲಿ?" ಎಂದು ಕೇಳಿದರು. ಆ ಪ್ರಶ್ನೆ ಕೇಳಿದವರ ಪಾತ್ರೆ ಎರಡನೇ ಸಲ ನನ್ನ ಬೆಂಚಿಗೆ ಬಂದಾಗ, ಅದು ಪಾಸಾಗಲಿ ಎಂದು ನಾನೂ ಅವರಷ್ಟೇ ಕಾತರದಿಂದ ಕಾಯುತ್ತಿದ್ದೆ.