ಬುಗುರಿಯಣ್ಣ ಮತ್ತು ನಾಲ್ಕು ಗಂಟೆಯ ನೇರ ಪ್ರಸಾರ

ಇಂಟರ್ನೆಟ್ ರಿಪೇರಿಯವನಿಗೆ ಬುಗುರಿ ಎಂದು ಯಾರು ಹೆಸರಿಟ್ಟರೋ ತಿಳಿಯದು. ಇಟ್ಟವರು ಮಾತ್ರ ಕಣ್ಣಿದ್ದವರು. ಮನುಷ್ಯ ಒಂದು ಕಡೆ ನಿಂತವನಲ್ಲ, ಕೂತವನಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ತನ್ನ ಪಾಡಿಗೆ ತಾನು ಕುಣಿಯುತ್ತಿರುತ್ತಿತ್ತು. "ನಿಮ್ಮನ್ನ ಕಟ್ಕೊಂಡ ಮೇಲೆ ಈ ಮನೇಲಿ ಒಂದು ಕುರ್ಚಿನೂ ನೆಟ್ಟಗೆ ಉಳಿದಿಲ್ಲ" ಎಂದು ಹೆಂಡತಿ ಗೊಣಗುತ್ತಿದ್ದಳು. ಅದರಲ್ಲಿ ಸುಳ್ಳೇನಿರಲಿಲ್ಲ.

ಇಂಥವನಿಗೆ ಆ ಕೆಲಸ ಹೇಳಿ ಮಾಡಿಸಿದಂತಿತ್ತು. ದಿನಕ್ಕೆ ಹನ್ನೆರಡು ಹದಿನಾಲ್ಕು ಮನೆ. ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ, ಬಾಗಿಲು ತೆರೆಯುವ ಮೊದಲೇ ಚಪ್ಪಲಿ ಬಿಟ್ಟು, "ರೂಟರ್ ಎಲ್ಲಿಟ್ಟಿದ್ದೀರಿ?" ಎಂದುಕೊಂಡೇ ಒಳಗೆ ನುಗ್ಗುತ್ತಿದ್ದ. ರಿಪೇರಿ ಆಯಿತೋ ಇಲ್ಲವೋ ಎಂದು ನೋಡಲು ಅವನದೇ ಒಂದು ದಾರಿಯಿತ್ತು. ಟಿವಿಯ ಸದ್ದು ಜೋರು ಮಾಡಿ, ಅದಕ್ಕೆ ಬೆನ್ನು ಹಾಕಿ, ಇನ್ನೊಂದು ಕೋಣೆಯಲ್ಲಿ ರೂಟರಿನ ಕೆಲಸ ಮಾಡುತ್ತ ಕಿವಿಯನ್ನಷ್ಟೇ ಟಿವಿಯ ಕಡೆ ಇಡುವುದು. ಮಾತು ತುಂಡಾಗದೆ ಬಂತೆಂದರೆ ಎಲ್ಲ ಸರಿಹೋಯಿತೆಂದೇ ಅರ್ಥ. ಹಿಂದೆ ಹತ್ತು ವರ್ಷ ಸಭೆಗಳಿಗೆ ಮೈಕು ಕಟ್ಟಿದ್ದವನು ಅವನು, ಕಿವಿಯನ್ನು ನಂಬಿದಷ್ಟು ಕಣ್ಣನ್ನು ನಂಬಿದವನಲ್ಲ. ಒಂದು ಮಧ್ಯಾಹ್ನ ಅದೇ ಕಿವಿ ಅವನನ್ನು ತಲೆ ತಗ್ಗಿಸುವಂತೆ ಮಾಡಿತು.

ಮೂರನೇ ಮಹಡಿಯಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸಿನ ಮನೆ. ಒಂದೇ ವಾರದಲ್ಲಿ ಅಲ್ಲಿಂದ ಆಫೀಸಿಗೆ ಮೂರು ಸಲ ದೂರು ಬಂತು. ಮೂರೂ ಸಲ ಮೊಬೈಲಿನಲ್ಲಿ ಬರೆದು ಕಳಿಸಿದ್ದು ಒಂದೇ ಮಾತು: "ನೇರ ಪ್ರಸಾರದಲ್ಲಿ ಚಿತ್ರ ನಿಲ್ಲುತ್ತದೆ." ಮೊದಲೆರಡು ಸಲ ಬುಗುರಿ ಹೋದಾಗ ಬಾಗಿಲು ತೆರೆದವಳು ಅವಳ ಅತ್ತೆ. ಸೊಸೆ ಒಳಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿದ್ದಳು, ತಲೆ ಎತ್ತಲಿಲ್ಲ. ಇವನು ಒಂದು ಸಿನಿಮಾ ಹಾಕಿ ಕೇಳಿದ, ಸೊಗಸಾಗಿ ಓಡಿತು. ವಾರ್ತೆ ಹಾಕಿ ಪಕ್ಕದ ಕೋಣೆಯಿಂದ ಕೇಳಿದ, ಒಂದಕ್ಷರವೂ ತಪ್ಪಲಿಲ್ಲ. "ಸರಿಯಾಯ್ತಲ್ಲಪ್ಪ, ಹೋಗಿ ಬಾ" ಎಂದು ಅತ್ತೆ ಬಾಗಿಲವರೆಗೂ ಬಂದು ಕಳಿಸಿಕೊಟ್ಟಿದ್ದಳು.

ಮೂರನೇ ದೂರಿಗೆ ಆಫೀಸಿನ ಮೇಲಿನವನು ಕೆಂಡವಾದ. "ನಾಲ್ಕನೇದು ಬಂದ್ರೆ ಆ ಮನೆಗೆ ನಾನೇ ಹೋಗ್ತೀನಿ. ನೀನು ಇಲ್ಲಿ ಕೂತ್ಕೊಂಡು ಫೋನ್ ಎತ್ತು."

ದಿನವಿಡೀ ಕುರ್ಚಿಯಲ್ಲಿ ಕೂರುವುದೆಂದರೆ ಬುಗುರಿಗೆ ಜೈಲೇ. ಮೂರೂ ಇಪ್ಪತ್ತಕ್ಕೆ ಆ ಮನೆಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದ.

ಅತ್ತೆ ಅರ್ಧ ಬಾಗಿಲು ತೆರೆದು ಅಡ್ಡ ನಿಂತಳು. "ಎಲ್ಲಾ ಚೆನ್ನಾಗೇ ಕೇಳಿಸ್ತಿದೆಯಪ್ಪ. ಇವತ್ತು ಬೇಡ. ನಾಳೆ ನಾಡಿದ್ದು ಬಾ."

ಅವನು ತಿರುಗಿಯೇ ಬಿಡುತ್ತಿದ್ದನೇನೋ. ಅಷ್ಟರಲ್ಲಿ ಒಳಗಿನಿಂದ ಸೊಸೆ ಬಂದಳು. ಕೊರಳಲ್ಲಿ ಅಳತೆಯ ಟೇಪು, ಕಣ್ಣು ಕೆಂಪು. ಒಂದು ಮಾತೂ ಆಡದೆ ಅವನ ಚೀಲದ ಪಟ್ಟಿ ಹಿಡಿದು ಎಳೆದುಕೊಂಡು ಹೋಗಿ ಟಿವಿಯ ಮುಂದೆ ನಿಲ್ಲಿಸಿದಳು. ವಾರ್ತೆ ಬರುತ್ತಿತ್ತು. ಓದುವವನ ಮಾತು ನೀರು ಕುಡಿದಂತೆ ಸಾಗಿತ್ತು, ಆದರೆ ಅವನ ಬಾಯಿ ಅರ್ಧ ತೆರೆದು ಹಾಗೇ ನಿಂತಿತ್ತು.

"ಮಾತು ಬರ್ತಿದೆಯಲ್ಲಮ್ಮ" ಎಂದ ಬುಗುರಿ.

ಅವಳು ಅವನ ತುಟಿಗಳನ್ನೇ ನೋಡಿದಳು. ತನ್ನ ಕಿವಿಯನ್ನು ಮುಟ್ಟಿ, ಇಲ್ಲ ಎಂಬಂತೆ ಕೈ ಆಡಿಸಿದಳು. ಆಮೇಲೆ ಪರದೆಯ ಕೆಳಮೂಲೆಗೆ ಬೆರಳು ತೋರಿಸಿದಳು. ಅಲ್ಲೊಂದು ಸಣ್ಣ ಚೌಕ, ಚೌಕದಲ್ಲಿ ಕಪ್ಪು ಅಂಗಿಯ ಹೆಂಗಸು. ಕಿವಿ ಕೇಳದವರಿಗಾಗಿ ವಾರ್ತೆಯನ್ನು ಕೈಸನ್ನೆಯಲ್ಲಿ ಹೇಳುವವಳು. ಅವಳ ಒಂದು ಕೈ ಎದೆಯ ಹತ್ತಿರ, ಇನ್ನೊಂದು ಗಾಳಿಯಲ್ಲಿ, ಎರಡೂ ಕಲ್ಲಾಗಿದ್ದವು. ಹತ್ತು ವಾಕ್ಯ ಕಳೆದ ಮೇಲೆ ಕೈಗಳು ದಿಢೀರನೆ ಬೇರೆಲ್ಲೋ ಹಾರಿದವು, ಮತ್ತೆ ನಿಂತವು.

ಬುಗುರಿ ಚೀಲ ಕೆಳಗಿಟ್ಟ. ಎರಡು ಸಲ ಈ ಮನೆಗೆ ಬಂದು, ಬೆನ್ನು ತಿರುಗಿಸಿ ನಿಂತು, ಎಲ್ಲ ಸರಿಯಿದೆ ಎಂದು ಬರೆದುಕೊಂಡು ಹೋಗಿದ್ದನಲ್ಲ. ಇಷ್ಟು ಪೆದ್ದನೇ ತಾನು ಎಂದು ನಾಚಿಕೆಯಾಯಿತು.

ಅವಳು ಮೊಬೈಲಿನಲ್ಲಿ ಬರೆದು ತೋರಿಸಿದಳು: "ಸುರಂಗದಲ್ಲಿ ನನ್ನ ಗಂಡ ಇದ್ದಾರೆ. ದಿನಾ ನಾಲ್ಕಕ್ಕೆ ಅಧಿಕಾರಿ ಮಾತಾಡ್ತಾರೆ. ನನಗೆ ಒಂದು ದಿನವೂ ಪೂರ್ತಿ ಸಿಕ್ಕಿಲ್ಲ."

ಸುರಂಗದ ಸುದ್ದಿ ಗೊತ್ತಿಲ್ಲದವರು ಯಾರು? ಗುಡ್ಡ ಕೊರೆಯುತ್ತಿದ್ದಾಗ ಮಣ್ಣು ಕುಸಿದು ಸುರಂಗದ ಬಾಯಿ ಮುಚ್ಚಿಕೊಂಡು ಎಂಟು ದಿನವಾಗಿತ್ತು. ಒಳಗೆ ಹನ್ನೊಂದು ಜನ. ಒಂದು ಕೊಳವೆಯಲ್ಲಿ ಗಾಳಿ, ಅನ್ನ, ನೀರು. ಅವಳು ಮತ್ತೆ ಬರೆದಳು: "ಮೊಬೈಲಿನಲ್ಲಿ ಒಬ್ಬರು ನಾಳೆ ಅಂತಾರೆ, ಒಬ್ಬರು ತಿಂಗಳು ಅಂತಾರೆ. ಅತ್ತೆ ದಿನಾ ನಾಳೆ ಅಂತಾರೆ. ಅಧಿಕಾರಿ ಏನಂತಾರೆ ನಾನೇ ನೋಡಬೇಕು."

ಅತ್ತೆ ಅವನನ್ನು ಅಡುಗೆಮನೆಗೆ ಕರೆದಳು. "ನಿನಗೆ ಕೈ ಮುಗೀತೀನಿ, ಅದು ಕೆಟ್ಟಿರೋದೇ ಒಳ್ಳೇದು. ಅಧಿಕಾರಿ ಹೇಳೋದನ್ನ ದಿನಾ ನಾನು ಕೇಳಿಸ್ಕೊಳ್ತಿದ್ದೀನಿ. ನಾಳೆ ಬರ್ತಾನೆ ಅಂತ ನಂಬ್ಕೊಂಡು ರಾತ್ರಿ ಒಂದಿಷ್ಟು ಕಣ್ಣು ಮುಚ್ತಾಳೆ. ಅದನ್ನೂ ಕಿತ್ಕೋಬೇಡ."

"ನೀವು ಕಣ್ಣು ಮುಚ್ತೀರಾ?"

"ನನ್ನ ನಿದ್ದೆ ಯಾರಿಗೆ ಬೇಕಪ್ಪ."

ಬುಗುರಿ ಮುದುಕಿಯ ಮುಖ ನೋಡಿದ, ಒಳಕೋಣೆಯ ಕಡೆ ನೋಡಿದ. ಗಡಿಯಾರ ಬೇರೆ ಮೂರೂವರೆ ತೋರಿಸುತ್ತಿತ್ತು. "ದೂರು ಕೊಟ್ಟಿರೋದು ಅವರು ಅಮ್ಮಾ" ಎಂದಷ್ಟೇ ಹೇಳಿ, ಅವಳ ಮುಖ ಇನ್ನೊಮ್ಮೆ ನೋಡದೆ ಹೊರಬಂದ.

ಈ ಸಲ ಕಣ್ಣಿಟ್ಟು ನೋಡಿದ. ಸಿನಿಮಾ ಯಾಕೆ ಓಡುತ್ತದೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಟಿವಿ ಅದರ ಮುಂದಿನ ಭಾಗವನ್ನು ಒಂದಷ್ಟು ಮೊದಲೇ ತಂದಿಟ್ಟುಕೊಂಡು ತೋರಿಸುತ್ತದೆ. ಇನ್ನೂ ಆಗದೇ ಇರುವುದನ್ನು ತಂದಿಟ್ಟುಕೊಳ್ಳುವುದು ಹೇಗೆ? ನೇರ ಪ್ರಸಾರ ಬಂದ ಹಾಗೆ ಕೈಗೆ ಸಿಗಬೇಕು. ಇಲ್ಲಿ ನೋಡಿದರೆ ರೂಟರ್ ಮುಂದಿನ ಕೋಣೆಯಲ್ಲಿ, ಟಿವಿ ಒಳಕೋಣೆಯಲ್ಲಿ, ನಡುವೆ ದಪ್ಪ ಗೋಡೆ ಮತ್ತು ಆಳೆತ್ತರದ ಉಕ್ಕಿನ ಬೀರು. ಅದರ ಮೇಲೆ ಅಕ್ಕಪಕ್ಕದ ಇಪ್ಪತ್ತು ಮನೆಗಳ ವೈಫೈ ಅದೇ ಗಾಳಿಯಲ್ಲಿ ನೂಕಾಡುತ್ತಿತ್ತು. ಮಾತು ಹಗುರ, ಹೇಗೋ ನುಸುಳುತ್ತದೆ. ಚಿತ್ರ ಭಾರ, ದಾರಿಯಲ್ಲೇ ಉಳಿಯುತ್ತದೆ. ವೈಫೈಯನ್ನೇ ಬಿಟ್ಟು ರೂಟರಿನಿಂದ ಟಿವಿಗೆ ನೇರ ವೈರು ಎಳೆಯುವುದೊಂದೇ ದಾರಿ.

ಚೀಲದಲ್ಲಿದ್ದ ವೈರು ಸಾಲಲಿಲ್ಲ. ಮೂರು ಮಹಡಿ ಇಳಿದು ಗಾಡಿಯಿಂದ ಸುರುಳಿ ತಂದ. ಬಾಗಿಲ ಚೌಕಟ್ಟಿನ ಮೇಲೆ ಹಾಯಿಸಿ, ಅಡುಗೆಮನೆಯ ಗವಾಕ್ಷಿಯಲ್ಲಿ ತೂರಿಸಿ ಒಳಕೋಣೆಗೆ ಇಳಿಬಿಟ್ಟ. ಸೊಸೆ ಸ್ಟೂಲು ಹಿಡಿದುಕೊಂಡಳು. ಅತ್ತೆ ಗೋಡೆಗೆ ಒರಗಿ ಕೂತವಳು ಕೂತೇ ಇದ್ದಳು. ಮೂರೂ ನಲವತ್ತೆಂಟು. ವೈರಿನ ತುದಿಯ ಎಂಟು ಎಳೆಗಳನ್ನು ಬಣ್ಣದ ಸಾಲಿನಲ್ಲಿ ಕೂರಿಸುವಾಗ ಅವಸರಕ್ಕೆ ಎರಡು ಎಳೆ ಅದಲುಬದಲಾದವು. ತನ್ನನ್ನೇ ಬೈದುಕೊಂಡು ಕತ್ತರಿಸಿ ಮೊದಲಿನಿಂದ ಕೂರಿಸಿದ. ನಾಲ್ಕಕ್ಕೆ ಎರಡು ನಿಮಿಷವಿರುವಾಗ ಸಿಕ್ಕಿಸಿದ. ಮೂಲೆಯ ಹೆಂಗಸಿನ ಕೈಗಳಿಗೆ ಜೀವ ಬಂತು.

ನಾಲ್ಕಕ್ಕೆ ಅಧಿಕಾರಿ ಬಂದು ಕೂತ. ಗಂಟಲು ಸರಿಮಾಡಿಕೊಂಡ. ಹನ್ನೊಂದು ಜನರೂ ಬದುಕಿದ್ದಾರೆ, ಬೆಳಿಗ್ಗೆ ಮಾತಾಡಿದ್ದಾರೆ ಎಂದ. ಕೊರೆಯುವ ಯಂತ್ರ ಮೊನ್ನೆಯೇ ಮುರಿದಿದೆ, ಮೇಲಿನಿಂದ ಹೊಸ ದಾರಿ ಕೊರೆಯಬೇಕು, ಇನ್ನೂ ಒಂಬತ್ತು ದಿನವಾದರೂ ಬೇಕು ಎಂದ.

ಮೂಲೆಯ ಹೆಂಗಸು ಕೇಳಿಸಿಕೊಂಡ ಮೇಲೆ ತಾನೇ ಕೈ ಎತ್ತಬೇಕು, ಹಾಗಾಗಿ ಅವಳು ಯಾವಾಗಲೂ ಒಂದೆರಡು ಮಾತು ಹಿಂದೆ. ಆ ಸಂದಿನಲ್ಲಿ ಸುದ್ದಿ ಬುಗುರಿಗೆ ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು, ಸೊಸೆಗೆ ಗೊತ್ತಿರಲಿಲ್ಲ. ಅವಳು ಟಿವಿ ಬಿಟ್ಟು ಇವನ ಮುಖ ನೋಡಿದಳು. ಈ ಮಾತು ತನ್ನ ಮುಖದಿಂದ ಅವಳಿಗೆ ತಲುಪಬಾರದು ಎನಿಸಿತು ಅವನಿಗೆ. ಮುಖವನ್ನು ಗೋಡೆಗೆ ತಿರುಗಿಸಿ, ಕೈ ಚಾಚಿ ಪರದೆಯ ಮೂಲೆಯನ್ನು ತೋರಿಸಿದ. ಹಾಗೇ ನಿಂತ. ಜೇಬಿನಲ್ಲಿ ಫೋನು ಬಡಿದುಕೊಂಡಿತು, ಎತ್ತಲಿಲ್ಲ. ಜೀವಮಾನದಲ್ಲಿ ಅವನು ಅಷ್ಟು ಹೊತ್ತು ಅಲುಗಾಡದೆ ನಿಂತದ್ದಿಲ್ಲ.

ತಿರುಗಿದಾಗ ಸೊಸೆ ಅತ್ತೆಯ ಮುಂದೆ ಮಂಡಿಯೂರಿದ್ದಳು. ಒಂಬತ್ತು ಬೆರಳು ಎತ್ತಿ ಹಿಡಿದಿದ್ದಳು. ಆಮೇಲೆ ಕೈಗಳಲ್ಲಿ ಏನೋ ಕೇಳಿದಳು, ಮೆಲ್ಲಗೆ, ಎರಡು ಸಲ.

"ಏನಂತೆ ಅಮ್ಮಾ?" ಎಂದ ಬುಗುರಿ.

"ಮೊನ್ನೆಯಿಂದ ಇದನ್ನ ಒಬ್ಬರೇ ಇಟ್ಕೊಂಡು ಕೂತಿದ್ರಾ ಅಂತ ಕೇಳ್ತಿದಾಳೆ" ಎಂದಳು ಅತ್ತೆ. ಎಂಟು ದಿನ ಸೊಸೆಯ ಮುಂದೆ ನಗುತ್ತಿದ್ದ ಮುದುಕಿ ಅವಳ ಭುಜಕ್ಕೆ ಹಣೆ ಒತ್ತಿ ಜೋರಾಗಿ ಅತ್ತಳು. ಸೊಸೆಯೂ ಅತ್ತಳು.

ಬುಗುರಿ ಸದ್ದಾಗದಂತೆ ಸಾಮಾನು ಚೀಲಕ್ಕೆ ತುಂಬಿ ಬಾಗಿಲ ಕಡೆ ನಡೆದ. ಬೆನ್ನ ಹಿಂದೆ ಅತ್ತೆಯ ದನಿ ಕೇಳಿಸಿತು.

"ಆ ವೈರಿಗೆ ಇನ್ನೊಂದೆರಡು ಮೊಳೆ ಹೊಡೆದು ಹೋಗಪ್ಪ. ಒಂಬತ್ತು ದಿನ ಬರಬೇಕು."